ಭೃತಕಾಧ್ಯಾಪಕನೂ ಮುಷ್ಕರವೂ

ವಿದ್ಯೆಯನ್ನು ಮಾರಬಾರದೆಂಬುದು ನಮ್ಮ ದೇಶದಲ್ಲಿ ಬಹು ಹಳೆಯ ಮಾತು. ಕಾಲೇಜಿನ ಅಧ್ಯಾಪಕರು ಸಂಬಳದ ವಿಷಯವಾಗಿ ಸರ್ಕಾರದೊಡನೆ ಮಾತುಕತೆಗೆ ಕುಳಿತರೆಂದಾಗಲಿ, ಮಾತುಕತೆ ಮುರಿದು ಮುಷ್ಕರ ಹೂಡಿದರೆಂದಾಗಲಿ ವರ್ತಮಾನ ಬಂದ ಕೂಡಲೆ ಮನೆಯ ಹಿರಿಯರ ಬಾಯಿಂದ ಮೊದಲು ಹೊರಡುವುದು ಈ ಮಾತೇ. ಗಿರಣಿಯ ಕೂಲಿಯವನು ಯಂತ್ರವನ್ನು ನಿಲ್ಲಿಸಿದರೆ ನೂಲು ನಿಂತೀತು, ಗುರುವು ಪಾಠವನ್ನು ನಿಲ್ಲಿಸಿದರೆ ನಿಲ್ಲುವುದು ಯಾವುದು, ಎಂದು ಅವರು ಕೇಳುತ್ತಾರೆ. ಪ್ರಶ್ನೆ ಯುಕ್ತವಾದುದೆ. ಆದರೆ ಪ್ರಶ್ನೆಯನ್ನು ಕೇಳಿದ ಮಾತ್ರಕ್ಕೆ ಉತ್ತರವೂ ದೊರೆತುಹೋಯಿತೆಂದು ತಿಳಿಯುವುದು ವಾಡಿಕೆಯಾಗಿದೆ. ಶಾಸ್ತ್ರವು ಏನು ಹೇಳಿತು, ಯಾವ ಸ್ಥಿತಿಯನ್ನು ನೋಡಿ ಹೇಳಿತು ಎಂಬುದನ್ನು ವಿಚಾರಿಸದೆ ಅಧ್ಯಾಪಕನ ಮೇಲೆ ತೀರ್ಪು ಕೊಡುವುದು ಸಲ್ಲದು.

ಸಂಬಳವನ್ನು ಗೊತ್ತುಮಾಡಿಕೊಂಡು ಪಾಠ ಹೇಳುವವನನ್ನು ಮನುಸ್ಮೃತಿಯು ಭೃತಕಾಧ್ಯಾಪಕನೆಂದು ಕರೆದು ಶ್ರಾದ್ಧದ ಪಂಕ್ತಿಯಿಂದ ಹೊರಗಿಟ್ಟಿದೆ. ಇದನ್ನು ಎತ್ತಿ ಆಡುವವರು ಬಹಳ. ಆದರೆ ಅದೇ ಸ್ಥಳದಲ್ಲಿ, ಸಂಬಳ ಕೊಟ್ಟು ಪಾಠ ಹೇಳಿಸಿಕೊಂಡ ಶಿಷ್ಯನನ್ನೂ ಪಂಕ್ತಿಯಿಂದ ಹೊರಗಿಟ್ಟಿರುವುದನ್ನು ನೆನೆಯುವವರು ವಿರಳ. ಆ ವಿಧಿಯನ್ನು ಇಂದು ಅಕ್ಷರಶಃ ನಡೆಸುವುದಾದರೆ ಶುಲ್ಕ ಕಟ್ಟಿ ಕಲಿತವರೆಲ್ಲರೂ ಎದ್ದುಹೋಗಬೇಕಾಗಿ, ಎಲೆಗೆ ಕೂಡತಕ್ಕವನು ಊರಿಗೊಬ್ಬನೂ ಸಿಕ್ಕುವುದು ಕಷ್ಟವಾದೀತು. ಜೀವನಕ್ಕಾಗಿ ವೇದದ ಒಂದು ಭಾಗವನ್ನೋ ಅಂಗಗಳನ್ನೋ ಹೇಳಿಕೊಡುವವನಿಗೆ ಅದೇ ಸ್ಮೃತಿಯು ಉಪಾಧ್ಯಾಯನೆಂಬ ಹೆಸರನ್ನು ಕೊಟ್ಟಿದೆ. ಹತ್ತು ಮಂದಿ ಉಪಾಧ್ಯಾಯರ ಗೌರವ ಒಬ್ಬ ಆಚಾರ್ಯನಿಗೆ ಸಮವೆಂದು ತೂಗಿದೆಯೇ ಹೊರತು, ಉಪಾಧ್ಯಾಯನಿಗೆ ಗೌರವವೇ ಇಲ್ಲವೆಂದು ಹೇಳಿಲ್ಲ.

ಹಾಗಾದರೆ ಕೂಲಿ ಕೇಳದ ಆಚಾರ್ಯನು ಏನನ್ನು ಉಂಡು ಬದುಕತಕ್ಕದ್ದು? ಸ್ಮೃತಿಕಾರರು ಇದನ್ನು ಮರೆತವರಲ್ಲ. ಯಾವ ಅರಸನ ನಾಡಿನಲ್ಲಿ ಶ್ರೋತ್ರಿಯನು ಹಸಿವಿನಿಂದ ಸೊರಗುವನೋ ಆ ನಾಡೂ ಅದೇ ಹಸಿವಿನಿಂದ ಬೇಗನೆ ಸೊರಗುವುದೆಂದು ರಾಜಧರ್ಮದ ಪ್ರಕರಣದಲ್ಲಿ ಎಚ್ಚರಿಕೆ ಇದೆ. ಅಧ್ಯಾಪಕನು ಕೇಳಬಾರದೆಂಬ ವಿಧಿಗೆ ಬೆನ್ನೆಲುಬಾಗಿ, ಅವನು ಕೇಳುವ ಮೊದಲೇ ಕೊಡತಕ್ಕದ್ದೆಂಬ ಇನ್ನೊಂದು ವಿಧಿ ಇತ್ತೆಂದಾಯಿತು. ಕನ್ನಡ ನಾಡಿನ ಕಲ್ಲುಗಳು ಇದಕ್ಕೆ ಸಾಕ್ಷಿ ಹೇಳುತ್ತವೆ. ಈಗಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ಕ್ರಿ.ಶ. ೯೪೫ರಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನೆಂಬವನು ವಿದ್ಯಾಶಾಲೆಯನ್ನು ಕಟ್ಟಿಸಿದಾಗ, ಬೇರೆ ಬೇರೆ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ ೨೭ ಮನೆಗಳೂ, ದೀಪದೆಣ್ಣೆಯ ವೆಚ್ಚಕ್ಕೆ ಬೇರೆ ಹೊಲವೂ, ಮುಖ್ಯಾಧ್ಯಾಪಕನಿಗೆ ೫೦ ನಿವರ್ತನ ಭೂಮಿಯೂ ನಿಗದಿಯಾದವು; ಊರಿನಲ್ಲಿ ಮದುವೆ ಮುಂಜಿ ನಡೆದರೆ ಶಾಲೆಗೆ ಇಷ್ಟು ಸಲ್ಲತಕ್ಕದ್ದೆಂದೂ ಗೊತ್ತುಮಾಡಿದರು. ಕಲಬುರಗಿಯ ಕಡೆಯ ನಾಗಾವಿಯ ಘಟಿಕಾಸ್ಥಾನದಲ್ಲಿ ೧೦೫೮ರ ಸುಮಾರಿಗೆ ವೇದಕ್ಕೆ ೨೦೦, ಶಾಸ್ತ್ರಕ್ಕೆ ೫೦ ವಿದ್ಯಾರ್ಥಿಗಳಿದ್ದರು. ಅಧ್ಯಾಪಕರಲ್ಲದೆ ಸರಸ್ವತೀ ಭಂಡಾರವನ್ನು ಕಾಯುವ ಆರು ಮಂದಿಗೂ ಅಲ್ಲಿ ವೃತ್ತಿ ಇತ್ತು. ಕಲ್ಲಿನಲ್ಲಿ ಕೆತ್ತಿ, ಅಳಿಪಿದವನಿಗೆ ಶಾಪವನ್ನೂ ಬರೆದಿಡುವುದು ಅಂದಿನ ಶಾಸನಗಳ ಪದ್ಧತಿ. ಅದಕ್ಕಿಂತ ಗಟ್ಟಿಯಾದ ಕರಾರು ಇನ್ನಾವುದು? ಹೊಲ ಕೈಯಲ್ಲಿದ್ದ ಆ ಅಧ್ಯಾಪಕನು ಸಂಬಳದ ಮಾತನ್ನು ಎತ್ತದೆ ಇದ್ದುದು ಆಶ್ಚರ್ಯವಲ್ಲ.

ಕೇಳುವುದೇ ತಪ್ಪೆಂಬವರು ಬೃಹದಾರಣ್ಯಕದ ಯಾಜ್ಞವಲ್ಕ್ಯನನ್ನು ನೆನೆಯಬೇಕು. ಕೊಂಬಿಗೆ ಚಿನ್ನ ಕಟ್ಟಿದ ಸಾವಿರ ಹಸುಗಳನ್ನು ಜನಕನು ಕೂಡಿಹಾಕಿ, ನಿಮ್ಮಲ್ಲಿ ಬ್ರಹ್ಮಿಷ್ಠನಾದವನು ಹೊಡೆದುಕೊಂಡು ಹೋಗಲಿ ಎಂದಾಗ, ವಾದ ಆರಂಭವಾಗುವ ಮೊದಲೇ ಹಸುಗಳನ್ನು ಮನೆಗೆ ಅಟ್ಟೆಂದು ಶಿಷ್ಯನಿಗೆ ಅಪ್ಪಣೆ ಮಾಡಿದವನು ಅವನು. ಆಕ್ಷೇಪಿಸಿದವರಿಗೆ, ಬ್ರಹ್ಮಿಷ್ಠನಿಗೆ ನಮಸ್ಕಾರ, ನಮಗೆ ಬೇಕಾದುದು ಹಸು ಎಂಬರ್ಥದ ಮಾತನ್ನು ನಾಚದೆ ಆಡಿದನು. ಅದೇ ಯಾಜ್ಞವಲ್ಕ್ಯನಿಗೆ ಮುಂದೆ ಜನಕನು ಉಪದೇಶದ ನಡುವೆ ಸಾವಿರ ಹಸುಗಳನ್ನು ಕೊಡುವೆನೆಂದಾಗ, ಪೂರ್ತಿ ಹೇಳಿಕೊಡದೆ ತೆಗೆದುಕೊಳ್ಳಕೂಡದೆಂಬುದು ತನ್ನ ತಂದೆಯ ಮತವೆಂದು ನಿರಾಕರಿಸಿದನು. ಹಸು ಬೇಕೆಂದವನೂ, ಪಾಠವಾಗದೆ ಬೇಡವೆಂದವನೂ ಒಬ್ಬನೆ. ಇದರಿಂದ ಮುಷ್ಕರದ ವಿಚಾರದಲ್ಲಿ ಒಂದು ಅಂಶವಾದರೂ ಸ್ಪಷ್ಟವಾಗುತ್ತದೆ. ಪಾಠಕ್ಕೆ ತಕ್ಕ ಪ್ರತಿಫಲವನ್ನು ಕೇಳುವುದರಲ್ಲಿ ಲಜ್ಜೆಪಡಬೇಕಾದುದಿಲ್ಲ. ಪಾಠವಾಗದ ದಿನದ ಸಂಬಳವನ್ನು ಕೇಳುವುದರಲ್ಲಿ ಪಡಬೇಕು. ಮುಷ್ಕರ ಹೂಡಿದವನು ತನ್ನ ಮನೆಯ ಒಲೆಯನ್ನೂ ಪಣಕ್ಕೆ ಇಟ್ಟಿರಬೇಕು.

ನ್ಯಾಯಸ್ಥಾನಗಳು ಅಧ್ಯಾಪಕನನ್ನು ಹೊಗಳಿಯೇ ಕೈಕಟ್ಟಿದುದು ವಿನೋದದ ಸಂಗತಿ. ೧೯೪೭ರ ಕೈಗಾರಿಕಾ ವಿವಾದಗಳ ಕಾಯಿದೆಯ ಅರ್ಥದಲ್ಲಿ ಶಿಕ್ಷಕರು ಕಾರ್ಮಿಕರಲ್ಲವೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು ೧೯೮೮ರಲ್ಲಿ ಗೋವೆಯ ಮೊಕದ್ದಮೆಯೊಂದರಲ್ಲಿ ತೀರ್ಮಾನಿಸಿತು. ಬೋಧನೆ ಉದಾತ್ತವಾದ ವೃತ್ತಿ, ಅದನ್ನು ಕುಶಲ ಕೆಲಸವೆಂದೋ ಗುಮಾಸ್ತೆಯ ಕೆಲಸವೆಂದೋ ಎಣಿಸುವಂತಿಲ್ಲ ಎಂಬುದು ಆಧಾರ. ಅದಕ್ಕೆ ಮೊದಲೇ, ೧೯೮೦ರಲ್ಲಿ, ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಯೆಶಿವಾ ವಿಶ್ವವಿದ್ಯಾನಿಲಯದ ಅಧ್ಯಾಪಕರು ಆಡಳಿತಗಾರರ ವರ್ಗಕ್ಕೆ ಸೇರಿದವರೆಂದು ಹೇಳಿ ಸಂಘದ ಮೂಲಕ ಕರಾರು ಮಾಡಿಕೊಳ್ಳುವ ಕಾನೂನಿನ ರಕ್ಷಣೆಯನ್ನು ತಪ್ಪಿಸಿತು. ಕಾರಣಗಳು ಬೇರೆ, ಫಲ ಒಂದೇ. ೨೦೦೩ರಲ್ಲಿ ತಮಿಳುನಾಡಿನ ಸರ್ಕಾರವು ಮುಷ್ಕರ ಹೂಡಿದ ಸುಮಾರು ಎರಡು ಲಕ್ಷ ನೌಕರರನ್ನೂ ಶಿಕ್ಷಕರನ್ನೂ ಒಟ್ಟಿಗೆ ವಜಾ ಮಾಡಿದಾಗ, ಸರ್ಕಾರಿ ನೌಕರರಿಗೆ ಮುಷ್ಕರದ ಮೂಲಭೂತ ಹಕ್ಕಾಗಲಿ, ಶಾಸನದ ಹಕ್ಕಾಗಲಿ, ನೈತಿಕ ಹಕ್ಕಾಗಲಿ ಇಲ್ಲವೆಂದು ನ್ಯಾಯಾಲಯ ಹೇಳಿತು. ಮೊದಲಿನೆರಡನ್ನು ನಿರ್ಣಯಿಸುವುದು ನ್ಯಾಯಾಧೀಶರ ಅಧಿಕಾರಕ್ಕೆ ಸೇರಿದ್ದು, ಅಲ್ಲಿ ತಲೆಬಾಗತಕ್ಕದ್ದೇ. ಮೂರನೆಯದು ಧರ್ಮಜಿಜ್ಞಾಸೆಯ ವಿಷಯ. ಅದು ಯಾವ ಪೀಠದಲ್ಲಿಯೂ ಒಂದೇ ದಿನದಲ್ಲಿ ಮುಗಿಯುವಂತಹುದಲ್ಲ.

ಕಾನೂನೇ ದಾರಿಯನ್ನು ಹಾಕಿಕೊಟ್ಟಿರುವ ದೇಶದಲ್ಲಿ ಇದು ಹೇಗೆ ನಡೆಯಿತೆಂಬುದನ್ನು ನೋಡುವುದು ಒಳ್ಳೆಯದು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಟೇಟ್ ಯೂನಿವರ್ಸಿಟಿಗೆ ೨೦೨೪ರ ಆದಿಯಲ್ಲಿ ೨೩ ಶಾಖೆಗಳಿದ್ದವು. ಅಲ್ಲಿ ಅಧ್ಯಾಪಕರು, ಪುಸ್ತಕಭಂಡಾರದವರು, ವಿದ್ಯಾರ್ಥಿಗಳ ಸಲಹೆಗಾರರು, ವ್ಯಾಯಾಮ ಕಲಿಸುವವರು ಎಲ್ಲರೂ ಸೇರಿ ಸುಮಾರು ೨೯,೦೦೦ ಮಂದಿಗೆ ಒಂದೇ ಸಂಘ, ಒಂದೇ ಕರಾರು. (ನಾಗಾವಿಯ ಆರು ಭಂಡಾರಿಗಳ ಸಂತತಿ ಅಲ್ಲಿಯೂ ಇದೆ.) ಬೋಧಕರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಾತ್ಕಾಲಿಕರು. ಅಲ್ಲಿನ ನಿಯಮದಂತೆ ಎರಡು ಪಕ್ಷಗಳೂ ಮೊದಲು ಮಾತನಾಡಬೇಕು. ಒಮ್ಮತವಾಗದಿದ್ದರೆ ಮಧ್ಯಸ್ಥನು ಬರಬೇಕು. ಅದೂ ಫಲಿಸದಿದ್ದರೆ ನಿಷ್ಪಕ್ಷಪಾತಿಯಾದ ಒಬ್ಬನು ಲೆಕ್ಕಪತ್ರಗಳನ್ನು ನೋಡಿ ವರದಿ ಕೊಡಬೇಕು. ಸಂಘವು ನೂರಕ್ಕೆ ೧೨ರಷ್ಟು ಹೆಚ್ಚಳವನ್ನು ಕೇಳಿತ್ತು. ವರದಿಗಾರನು ನೂರಕ್ಕೆ ೭ ಎಂದನು. ವಿಶ್ವವಿದ್ಯಾನಿಲಯವು ಜನವರಿ ತಿಂಗಳಿನಲ್ಲಿ ಮಾತುಕತೆಯನ್ನು ನಿಲ್ಲಿಸಿ, ನೂರಕ್ಕೆ ೫ನ್ನು ತಾನೇ ಜಾರಿಗೆ ತರುವೆನೆಂದು ಸಾರಿತು. ಜನವರಿ ೨೨ನೆಯ ಸೋಮವಾರ ಐದು ದಿನಗಳ ಮುಷ್ಕರ ಆರಂಭವಾಯಿತು. ಅದೇ ರಾತ್ರಿ ಒಪ್ಪಂದವೂ ಆಯಿತು. ಹಿಂದಿನ ಜುಲೈ ತಿಂಗಳಿನಿಂದ ಅನ್ವಯಿಸುವಂತೆ ನೂರಕ್ಕೆ ೫, ಮುಂದಿನ ಜುಲೈನಿಂದ, ರಾಜ್ಯವು ಹಣವನ್ನು ಕಡಿತಮಾಡದೆ ಇದ್ದರೆ, ಮತ್ತೆ ೫. ಕನಿಷ್ಠ ಸಂಬಳದವರಿಗೆ ವಿಶೇಷ ಹೆಚ್ಚಳ. ಮಗುವಾದಾಗ ಕೊಡುವ ರಜೆ ಆರು ವಾರಗಳ ಬದಲು ಹತ್ತು ವಾರ. ಒಂದೇ ದಿನಕ್ಕೆ ಏಕೆ ಒಪ್ಪಿದಿರೆಂದು ಸಂಘದವರಲ್ಲಿಯೇ ಅನೇಕರು ಸಿಟ್ಟಾದರು. ಫೆಬ್ರವರಿಯ ಮತದಾನದಲ್ಲಿ ನೂರಕ್ಕೆ ೭೬ ಮಂದಿ ಒಪ್ಪಂದದ ಪರವಾಗಿದ್ದರು. ಸಿಟ್ಟಾದವರ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಆದರೂ ನಾಲ್ಕು ದಿನದ ಪಾಠ ಉಳಿಯಿತೆಂಬುದನ್ನು ತಕ್ಕಡಿಯ ಒಂದು ತಟ್ಟೆಯಲ್ಲಿ ಇಡದೆ ಈ ವ್ಯವಹಾರವನ್ನು ತೂಗುವುದು ಅಧ್ಯಾಪಕನಾದವನಿಗೆ ಶೋಭಿಸದು. ಬಾಗಿಲು ಮುಚ್ಚಿದವರು ಯಾರು ಎಂಬುದು ಇಲ್ಲಿ ಮುಖ್ಯ. ಮಾತಿನ ದಾರಿಯನ್ನೆಲ್ಲ ನಡೆದು ತೀರಿಸಿದ ಮೇಲೆ ಎದುರು ಪಕ್ಷವು ಎದ್ದುಹೋದರೆ, ಪಾಠ ನಿಂತ ದೋಷವು ಎದ್ದುಹೋದವನ ಪಾಲಿಗೂ ಸೇರುತ್ತದೆ.

ಹೀಗೆ ಅಧ್ಯಾಪಕನ ಪಕ್ಷವನ್ನು ಹಿಡಿದು ಇಷ್ಟು ದೂರ ಬಂದಮೇಲೆ ಅವನ ಅಪಾಯವನ್ನೂ ಹೇಳಬೇಕು. ಆ ಅಪಾಯದ ಹೆಸರು ದ್ರೋಣ. ಮಗನಿಗೆ ಹಾಲಿಲ್ಲದೆ ಹಿಟ್ಟಿನ ನೀರನ್ನು ಕುಡಿದು ಅವನು ನಲಿಯುವುದನ್ನು ಕಂಡ ತಂದೆಯ ಸಂಕಟ ಎಂತಹ ಕಲ್ಲನ್ನಾದರೂ ಕರಗಿಸುವುದು. ದ್ರುಪದನಲ್ಲಿಗೆ ಹೋಗಿ ಕೇಳಿದುದು ತಪ್ಪಲ್ಲ. ಅವಮಾನಪಟ್ಟು ಕುರುಗಳ ಆಸ್ಥಾನದಲ್ಲಿ ಸಂಬಳಕ್ಕೆ ನಿಂತುದೂ ತಪ್ಪಲ್ಲ. ತನ್ನ ಸೇಡನ್ನು ತೀರಿಸಲು ಶಿಷ್ಯರನ್ನೇ ಸೈನ್ಯ ಮಾಡಿ ಕಳುಹಿಸಿದನಲ್ಲ, ಅಲ್ಲಿ ಅವನು ಜಾರಿದನು. ಬ್ರಿಟನ್ನಿನಲ್ಲಿ ೨೦೨೩ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ೧೪೫ ವಿಶ್ವವಿದ್ಯಾನಿಲಯಗಳ ಅಧ್ಯಾಪಕರ ಸಂಘವು ಉತ್ತರಪತ್ರಿಕೆಗಳಿಗೆ ಅಂಕ ಹಾಕುವುದನ್ನು ಬಹಿಷ್ಕರಿಸಿದಾಗ, ಅಂತಿಮ ವರ್ಷದ ಎಷ್ಟೋ ವಿದ್ಯಾರ್ಥಿಗಳು ಪದವಿಯ ಶ್ರೇಣಿ ತಿಳಿಯದೆ ಹೊರಬೀಳಬೇಕಾಯಿತು. ಆಡಳಿತದವರು ಕೆಲವೆಡೆ ಅರ್ಧ, ಕೆಲವೆಡೆ ಪೂರ್ತಿ ಸಂಬಳವನ್ನು ಹಿಡಿದರು. ಕಳೆದ ಪಾಠ ಮರಳಿ ಬಾರದು, ಅಂಕವನ್ನು ತಡವಾಗಿಯಾದರೂ ಹಾಕಬಹುದು, ಆದುದರಿಂದ ಈ ದಾರಿಯೇ ಮೃದು, ಎಂದು ಒಂದು ವಾದವುಂಟು. ಕೇಳಲು ಹಿತವಾಗಿದೆ, ಒಪ್ಪುವುದು ಕಷ್ಟ. ನಾಳೆಯ ಪಾಠ ಅಧ್ಯಾಪಕನ ಕಂಠದಲ್ಲಿ ಇನ್ನೂ ಅವನದಾಗಿಯೇ ಇದೆ. ಬರೆದು ಕೊಟ್ಟ ಉತ್ತರಪತ್ರಿಕೆಯಾದರೋ ಶಿಷ್ಯನು ಅವನ ಕೈಯಲ್ಲಿ ಇಟ್ಟ ನ್ಯಾಸ. ಸಾಲಗಾರನ ಮೇಲಿನ ಕೋಪಕ್ಕೆ ಮೂರನೆಯವನು ಇಟ್ಟ ಒಡವೆಯನ್ನು ತಡೆಹಿಡಿಯುವ ಸಾಹುಕಾರನನ್ನು ಯಾರೂ ಮೆಚ್ಚರು.

ಇನ್ನು ಮನೆಯ ಬಾಗಿಲಿನ ವಿಷಯ. ಕರ್ನಾಟಕದ ನಾಲ್ಕು ನೂರಕ್ಕೂ ಹೆಚ್ಚಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ಬಹುಭಾಗವನ್ನು ಹೊತ್ತವರು ಅತಿಥಿ ಉಪನ್ಯಾಸಕರು. ಈ ಹೆಸರನ್ನು ಯಾರು ಇಟ್ಟರೋ, ಸಂಸ್ಕೃತವನ್ನು ಬಲ್ಲವರು ಇಟ್ಟಿರಲಾರರು. ಒಂದು ರಾತ್ರಿ ಮಾತ್ರ ತಂಗುವವನು, ನಿತ್ಯವಾಗಿ ನಿಲ್ಲದವನು ಅತಿಥಿ ಎಂದು ಸ್ಮೃತಿಯು ಲಕ್ಷಣ ಹೇಳಿದೆ. ಇಲ್ಲಿ ಹತ್ತು ಹದಿನೈದು ವರ್ಷಗಳಿಂದ ಅದೇ ಹಲಗೆಯ ಮುಂದೆ ನಿಂತವನೂ ಅತಿಥಿಯೆ. ಶಿಷ್ಟರಾದ ಅತಿಥಿಗಳು ಮನೆಗೆ ಬಂದಾಗ ಅನಧ್ಯಯನ ಮಾಡಿ ಪಾಠವನ್ನು ನಿಲ್ಲಿಸಿ ಉಪಚರಿಸಬೇಕೆಂದು ಧರ್ಮಶಾಸ್ತ್ರ. ಇಲ್ಲಿ ಅತಿಥಿಯೇ ಪಾಠ ಹೇಳಿ, ವಾರ್ಷಿಕ ಅವಧಿ ಮುಗಿದೊಡನೆ ಬೀದಿಗೆ ಇಳಿದು, ಮುಂದಿನ ಸಲಕ್ಕೆ ಮತ್ತೆ ಅರ್ಜಿ ಹಾಕಿ ಕಾಯತಕ್ಕದ್ದು. ಅವನಿಗೆ ಕೊಡುವುದಕ್ಕೆ ಸಂಬಳವೆನ್ನದೆ ಗೌರವಧನವೆಂದು ಹೆಸರು. ಹೆಸರುಗಳಲ್ಲಿ ಮಾತ್ರ ಗೌರವಕ್ಕೆ ಕೊರತೆಯಿಲ್ಲ. ೨೦೨೨ರ ಜನವರಿಯಲ್ಲಿ, ಅದುವರೆಗೆ ತಿಂಗಳಿಗೆ ೧೧,೦೦೦ ಮತ್ತು ೧೩,೦೦೦ ರೂಪಾಯಿಗಳಿದ್ದ ಈ ಮೊತ್ತವನ್ನು ಅರ್ಹತೆ ಮತ್ತು ಅನುಭವಕ್ಕೆ ತಕ್ಕಂತೆ ೨೬,೦೦೦ದಿಂದ ೩೨,೦೦೦ಕ್ಕೆ ಸರ್ಕಾರ ಏರಿಸಿತು. ಮೆಚ್ಚತಕ್ಕ ಕಾರ್ಯ. ಆದರೆ ಅದರೊಡನೆ ವಾರದ ಪಾಠದ ಅವಧಿಯನ್ನು ೧೫ ಗಂಟೆಗೆ ಹೆಚ್ಚಿಸಿದುದರಿಂದ ಬೇಕಾಗುವವರ ಸಂಖ್ಯೆ ಇಳಿದು ಅನೇಕರು ಇದ್ದ ಸ್ಥಾನವನ್ನೂ ಕಳೆದುಕೊಂಡರು. ಒಬ್ಬನ ಎಲೆಗೆ ಎರಡು ಸೌಟು ಬಡಿಸಿ ಪಕ್ಕದವನ ಎಲೆಯನ್ನು ಎತ್ತಿದಂತಾಯಿತು.

೨೦೨೩ರ ನವೆಂಬರ್ ತಿಂಗಳಿನಲ್ಲಿ ಇವರು ತರಗತಿಗಳನ್ನು ಬಹಿಷ್ಕರಿಸಿ, ಸೇವೆಯನ್ನು ಖಾಯಂ ಮಾಡಬೇಕೆಂದು ಧರಣಿ ಕುಳಿತರು. ಈ ಕೇಳಿಕೆಯನ್ನು ಕ್ಯಾಲಿಫೋರ್ನಿಯಾದವರ ಕೇಳಿಕೆಯೊಡನೆ ಸಮಮಾಡಲಾಗದು. ಸಂಬಳದ ಹೆಚ್ಚಳ ಕೊಡುವವನಿಗೂ ಕೊಳ್ಳುವವನಿಗೂ ಸಂಬಂಧಿಸಿದ್ದು. ಖಾಯಂ ಹುದ್ದೆಯಲ್ಲಿ ಮೂರನೆಯವರ ಹಕ್ಕೂ ಅಡಗಿದೆ. ಸ್ಪರ್ಧೆಯ ಪರೀಕ್ಷೆಗಾಗಿ ವರ್ಷಗಟ್ಟಲೆ ಓದುತ್ತ ಕುಳಿತ ಹಳ್ಳಿಯ ತರುಣನಿಗೂ ಆ ಹುದ್ದೆಯಲ್ಲಿ ಪಾಲುಂಟು. ಕರ್ನಾಟಕದಿಂದಲೇ ಹೋದ ಉಮಾದೇವಿ ಮೊಕದ್ದಮೆಯಲ್ಲಿ ೨೦೦೬ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದುದೂ ಇದನ್ನೇ. ಕ್ರಮವಾದ ನೇಮಕವಿಲ್ಲದೆ ಬಂದವರಿಗೆ ಖಾಯಂ ಆಗುವ ಹಕ್ಕಿಲ್ಲವೆಂಬ ಆ ತೀರ್ಪನ್ನು ನಿಷ್ಕರುಣವೆನ್ನಬಹುದು, ಅನ್ಯಾಯವೆನ್ನಲಾಗದು. ಆದರೆ ಆ ತೀರ್ಪನ್ನು ಮುಂದೆ ಹಿಡಿಯುವ ಸರ್ಕಾರವು, ಖಾಯಂ ಆದ ಕೆಲಸಕ್ಕೆ ತಾತ್ಕಾಲಿಕರನ್ನು ನೇಮಿಸುತ್ತಲೇ ಬರುವುದಕ್ಕೂ ಅದೇ ತೀರ್ಪಿನಲ್ಲಿ ಸಮ್ಮತಿಯಿಲ್ಲವೆಂಬುದನ್ನು ಓದಿಕೊಳ್ಳಬೇಕಾಗಿತ್ತು. ಕಾಲಕಾಲಕ್ಕೆ ಕ್ರಮವಾಗಿ ಪರೀಕ್ಷೆ ನಡೆಸಿ ಹುದ್ದೆಗಳನ್ನು ತುಂಬಿದ್ದರೆ ಅತಿಥಿಯೂ ಇರುತ್ತಿರಲಿಲ್ಲ, ಧರಣಿಯೂ ಇರುತ್ತಿರಲಿಲ್ಲ.

ಆ ಐದಾರು ವಾರಗಳಲ್ಲಿ ಪಾಠವಿಲ್ಲದೆ ಕುಳಿತವರು ಯಾರ ಮಕ್ಕಳು? ಹೆಚ್ಚು ಶುಲ್ಕದ ಖಾಸಗಿ ಕಾಲೇಜುಗಳಲ್ಲಿ ಗಂಟೆ ಎಂದಿನಂತೆ ಬಾರಿಸುತ್ತಿತ್ತು. ಸರ್ಕಾರಿ ಕಾಲೇಜಿಗೆ ಬೆಳಗಿನ ಬಸ್ಸಿನಲ್ಲಿ ಬಂದು ಸಂಜೆಯ ಬಸ್ಸಿಗೆ ಹಿಂದಿರುಗುವ ಹುಡುಗಿ, ಮನೆಯವರು ಓದಲು ಕಳುಹಿಸುವ ಮೂರು ವರ್ಷಗಳಲ್ಲಿ ಒಂದೂವರೆ ತಿಂಗಳನ್ನು ಕಳೆದುಕೊಂಡಳು. ಅವಳ ಮನೆಯಲ್ಲಿ ನಾಲ್ಕನೆಯ ವರ್ಷವನ್ನು ಕೊಡುವವರಿಲ್ಲ. ಅಧ್ಯಾಪಕನ ಮಗನ ಶುಲ್ಕಕ್ಕೂ ಅವಳ ಪಾಠಕ್ಕೂ ಜಗಳ ಹಚ್ಚಿ ನೋಡುತ್ತ ಕುಳಿತದ್ದು ಆಳುವವರ ಉದಾಸೀನ. ಹೀಗಿದ್ದರೂ ಅವಳ ಎದುರಿಗೆ ನಿಲ್ಲಬೇಕಾದವನು ಅಧ್ಯಾಪಕನೇ ಹೊರತು ಕಾರ್ಯದರ್ಶಿಯಲ್ಲ. ಹಿಂದಿರುಗಿದ ಮೇಲೆ ಭಾನುವಾರವಾದರೂ ಸರಿ, ಬಿಟ್ಟ ಭಾಗವನ್ನು ಹೇಳಿ ಮುಗಿಸುವ ಋಣ ಅವನ ಮೇಲೆಯೇ ಬೀಳುತ್ತದೆ, ಅದಕ್ಕೆ ಯಾವ ಕರಾರಿನಲ್ಲಿಯೂ ಲೆಕ್ಕವಿಲ್ಲ.

ವರ್ಷದ ಕೊನೆಗೆ ಸರ್ಕಾರವು ಸೇವಾವಧಿಗೆ ತಕ್ಕಂತೆ ೫,೦೦೦ದಿಂದ ೮,೦೦೦ ರೂಪಾಯಿಗಳ ಹೆಚ್ಚಳವನ್ನೂ, ಐದು ಲಕ್ಷದ ಆರೋಗ್ಯ ವಿಮೆಯನ್ನೂ ಘೋಷಿಸಿತು. ಖಾಯಂ ಮಾಡುವ ಕೇಳಿಕೆಗೆ ಒಪ್ಪಿಗೆ ದೊರೆಯಲಿಲ್ಲ. ೨೦೨೪ರ ಜನವರಿಯ ಮೊದಲ ದಿನ ಉಪನ್ಯಾಸಕರು ತುಮಕೂರಿನ ಸಿದ್ಧಗಂಗೆಯಿಂದ ಬೆಂಗಳೂರಿನ ಕಡೆಗೆ ಕಾಲ್ನಡಿಗೆಯಲ್ಲಿ ಹೊರಟರು. ಆ ಮಠದಲ್ಲಿ ಅಂದೂ ಸಾವಿರಾರು ಮಂದಿ ಬಡವರ ಮಕ್ಕಳು ಉಚಿತವಾಗಿ ಉಂಡು ಪಾಠಕ್ಕೆ ಕುಳಿತಿದ್ದರು.