ಕೊಂಡ ಹಾಜರಿ

ನಾನು ಏಳನೇ ತರಗತಿ ತನಕ ಸಾಲಿ ಕಲಿತವನು. ಹಗಲಿಗೆ ಹೊಲ, ರಾತ್ರಿ ಭಜನಿ ಪದ. ಇಂಥವನು ಬಿ.ಎಡ್. ಬಗ್ಗೆ ಬರೆದರೆ ಕೆಲವರಿಗೆ ನಗೆ ಬರಬಹುದು. ಆದರೆ ಮೊಮ್ಮಗಳು ಕೇಳಿದ ಒಂದು ಮಾತಿಗೆ ಎರಡು ದಿನ ನನಗೆ ಉತ್ತರ ಹೊಳೀಲಿಲ್ಲ, ಅದಕ್ಕ ಬರೀತೀನಿ.

ಜಹೀರಾಬಾದ್, ನಾರಾಯಣಖೇಡ ಮೊದಲು ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರಗಿಯಲ್ಲಿತ್ತು. 1956ರ ನವೆಂಬರ್ 1ಕ್ಕೆ ಮೂರೂ ಆಂಧ್ರಕ್ಕೆ ಸೇರಿದವು, 2014ರಿಂದ ತೆಲಂಗಾಣ. ಎಷ್ಟೋ ಮನಿಯಾಗ ಮಾತು ಮಾತ್ರ ಕನ್ನಡವೇ ಉಳಿಯಿತು. ಸಣ್ಣ ಮಕ್ಕಳಿಗೆ ತಾಯಿನುಡಿಯಲ್ಲಿ ಕಲಿಯುವ ಅನುಕೂಲ ಮಾಡಿಕೊಡಬೇಕು ಅಂತ ಸಂವಿಧಾನದ 350ಎ ಕಲಮು ಹೇಳುತ್ತದೆ. ಅನುಕೂಲ ಅಂದರ ಬರೀ ಗೋಡೆ, ಕರಿಹಲಗೆ ಅಲ್ಲ. ಕಲಿಸೋರು ಬೇಕು.

ನಮ್ಮೂರ ಸಾಲ್ಯಾಗ ಕಲಿಸೋ ಆಸೆಯಿಂದ ಮೊಮ್ಮಗಳು 2022ರ ಕೊನೆಗೆ ಗಡಿ ದಾಟಿ ಬಿ.ಎಡ್. ಸೇರಿದಳು. 2015ರಿಂದ ಅದು ಎರಡು ವರ್ಷದ ಓದು. ತರಗತಿಗೆ ನೂರಕ್ಕೆ 80 ಹಾಜರಿ ಇರಬೇಕು. ಅದರ ನಡುವ 20 ವಾರ ಒಂದು ಸಾಲಿಗೆ ಹೋಗಿ ಮಕ್ಕಳ ಮುಂದ ನಿಂತು ಕಲಿಸಬೇಕು, ಅದಕ್ಕ ಹಾಜರಿ 90. ಇದು ಕಾಯಿದೆ. ಅವಳು ಸೇರಿದ ಕಾಲೇಜಿನ ಮಾತು ಬ್ಯಾರೆ ಇತ್ತು: "ದಿನಾ ಬರೋದು ಬ್ಯಾಡ್ರಿ, ಇಷ್ಟು ಕಟ್ಟಿಬಿಡ್ರಿ, ಹಾಜರಿ ನಾವು ಹಾಕ್ತೀವಿ. ಪರೀಕ್ಷೆಗೆ ಬಂದ್ರ ಸಾಕು." ಅವಳ ಜೋಡಿಯವರು ಬಹಳ ಮಂದಿ ಕಟ್ಟಿದರು. ಇವಳು ಕಟ್ಟಲಿಲ್ಲ, ದಿನಾ ಬಸ್ಸಿಗೆ ಹೋಗುತ್ತಿದ್ದಳು.

2023ರ ಆಗಸ್ಟ್ 11ಕ್ಕೆ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಒಂದರಿಂದ ಐದನೇ ತರಗತಿಗೆ ಕಲಿಸಲು ಬಿ.ಎಡ್. ನಡೆಯುವುದಿಲ್ಲ, ಡಿ.ಎಲ್.ಎಡ್. ಆಗಿರಬೇಕು ಅಂತ. ನಮ್ಮೂರ ಸಾಲಿ ಇರೋದೇ ಐದನೇತನಕ!

ಅವತ್ತು ಸಂಜಿಗೆ ಬಂದು ಕೇಳಿದಳು: "ಮುತ್ಯಾ, ನಾ ಹೊಂಟಿದ್ದು ನಮ್ಮೂರ ಮಕ್ಕಳ ಸಲುವಾಗಿ. ಅಲ್ಲಿಗೇ ಇದು ನಡೆಯಂಗಿಲ್ಲ. ಬಿಟ್ಟುಬಿಡ್ಲೋ, ಇಲ್ಲಾ ಎಲ್ಲಾರಂಗ ರೊಕ್ಕ ಕಟ್ಟಿ ಮುಗಿಸ್ಲೋ?"

ಅವರಪ್ಪ ಕಟ್ಟೋಣ ಅಂದ. ಅವನೇನು ಸುಳ್ಳುಗಾರ ಅಲ್ಲ. ಬಸ್ಸಿನ ಚಾರ್ಜು, ತೊಗರಿ ರಾಶಿ ಕಾಲದ ಕೂಲಿ ಕೂಡಿಸಿ ನೋಡಿದರೆ ಹಾಜರಿ ಕೊಳ್ಳುವುದೇ ಅಗ್ಗ. ನನಗೂ ಮೊದಲು ಹಂಗೇ ಅನ್ನಿಸಿತು. ರೊಕ್ಕ ನಮ್ಮದು, ಸಹಿ ಅವರದು, ಇದರಾಗ ಯಾರ ಗಂಟು ಹೋಯಿತು?

ಆಗ ನನ್ನದೇ ಒಂದು ಕಳ್ಳತನ ನೆನಪಾಯಿತು. ಇಪ್ಪತ್ತರ ವಯಸ್ಸಿನಾಗ ಭಜನಿ ಮೇಳದಲ್ಲಿ ಹಿಂದ ಕುಂತು ಹಾಡುತ್ತಿದ್ದೆ. ಕಲಿಯಲು ಹೋಗದೆ ಉಳಿದ ಪದಗಳು ಬಾಳ ಇದ್ದವು. ಅವು ಬಂದಾಗ ತಾಳ ಬಾರಿಸಿ ಬಾಯಿ ಆಡಿಸುತ್ತಿದ್ದೆ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಜಾತ್ರ್ಯಾಗ ನಡುರಾತ್ರಿ ಮುಂದಿನವರ ಗಂಟಲು ಕಟ್ಟಿತು. ನೀ ಎತ್ತು ಅಂತ ತಿರುಗಿ ನನ್ನ ಮಾರಿ ನೋಡಿದರು. ಏಕತಾರಿ ನುಡೀತಾ ಇತ್ತು, ಮಂದಿ ಕಾಯ್ತಿದ್ದರು, ನನ್ನ ಬಾಯಾಗ ಪದ ಇರಲಿಲ್ಲ. ಅವರು ನನಗೆ ಬೈಯಲಿಲ್ಲ. ಆದರೆ ಆ ಮಾರಿ ನಾಲ್ವತ್ತು ವರ್ಷ ಆದರೂ ನನ್ನ ಕಣ್ಣ ಮುಂದ ಅದ.

ನಾನು ಮೋಸ ಮಾಡಿದ್ದು ತಾಳ ಕೊಟ್ಟವರಿಗಲ್ಲ, ಅವತ್ತು ಕೇಳಲು ಕುಂತವರಿಗೆ. ಹಾಜರಿ ಕೊಂಡವರನ್ನೂ ಮುಂದೊಂದು ದಿನ ಮೂವತ್ತು ಮಕ್ಕಳು ಹಂಗೇ ನೋಡುತ್ತಾವ. ಅವಕ್ಕೆ ಈ ವ್ಯಾಪಾರ ಗೊತ್ತಿಲ್ಲ, ಆದರೆ ನಷ್ಟ ಅವರದೇ.

ತೀರ್ಪು ನಮಗೆ ಕಹಿ ಆದರೂ ಅದರ ಮಾತು ನಾನು ಒಪ್ಪುತ್ತೀನಿ. ದೊಡ್ಡವರಿಗೆ ಪದ ಹೇಳಿಕೊಡೋದು ಬ್ಯಾರೆ, ಆರು ವರ್ಷದ ಕೂಸಿನ ಕೈಗೆ ತಾಳ ಹಿಡಿಸೋದು ಬ್ಯಾರೆ. ಆದರೆ ಯಾವ ತರಬೇತಿ ಎಲ್ಲಿಗೆ ಅಂತ ಇಷ್ಟು ಸೂಕ್ಷ್ಮ ನೋಡುವ ದೇಶದಲ್ಲಿ, ತರಬೇತಿಯ ಕೋಣೆಯೇ ಖಾಲಿ ಇದ್ದರೆ ಇಣುಕಿ ನೋಡುವವರು ಯಾರು? ಸೇರಿದವರೆಷ್ಟು, ಮುಗಿಸಿದವರೆಷ್ಟು ಅಂತ ಲೆಕ್ಕ ತೆಗೀತಾರ. ಆ ಲೆಕ್ಕದಾಗ ನಡುವ ಬಿಟ್ಟವರು ಸೋತವರು, ಹಾಜರಿ ಕೊಂಡವರು ಗೆದ್ದವರು. ನನ್ನ ಲೆಕ್ಕ ಹಂಗಿಲ್ಲ.

ಮೂರನೇ ದಿನ ಹೇಳಿದೆ: "ಬಿಡೋದಾದ್ರ ಬಿಡವ್ವಾ, ಅದರಾಗ ನಾಚಿಕಿ ಇಲ್ಲ. ಮುಗಿಸೋದಾದ್ರ ಹೋಗಿ ಮುಗಿಸು." ಬಸ್ಸಿನ ರೊಕ್ಕಕ್ಕ ಎರಡು ಚೀಲ ತೊಗರಿ ಮಾರಿದೆ.

ಹೋದಳು, ಮುಗಿಸಿದಳು. ಈಗ ಆರನೇತ್ತಿಂದ ಮೇಲಿನ ತರಗತಿಗೆ ಕಲಿಸಬೇಕಂತ ಟೆಟ್‌ಗೆ ಓದುತ್ತಿದ್ದಾಳೆ. ಕೆಲಸ ಸಿಕ್ಕಿಲ್ಲ. ಹಾಜರಿ ಕೊಂಡ ಅವಳ ಗೆಳತಿಗೆ ಇವಳಿಗಿಂತ ಹೆಚ್ಚು ಅಂಕ ಬಂದವು, ಒಂದು ಖಾಸಗಿ ಸಾಲ್ಯಾಗ ನೌಕರಿನೂ ಸಿಕ್ಕಿತು. ಆ ಹುಡುಗಿಯ ತಾಯಿ ಹಾಸಿಗಿ ಹಿಡಿದಿದ್ದಳು, ಬಟ್ಟಿ ಅಂಗಡ್ಯಾಗ ದುಡಿದು ಮನಿ ನಡೆಸಿದಾಕಿ. ಅವಳನ್ನ ಕಳ್ಳಿ ಅನ್ನಲು ನನ್ನ ನಾಲಿಗಿ ಏಳಲಿಲ್ಲ.

ಹೋದ ತಿಂಗಳು ನಮ್ಮ ಮನಿಗೆ ಬಂದಿದ್ದಳು. "ಮಕ್ಕಳ ಮುಂದ ನಿಂತ್ರ ಕೈ ನಡುಗ್ತಾವ, ಹೆಂಗ ಸುರು ಮಾಡ್ಬೇಕು ಹೇಳ" ಅಂತ ಮೊಮ್ಮಗಳನ್ನ ಕೇಳಿದಳು. ಇಬ್ಬರೂ ಚಹಾ ಕುಡಿದು, ಕಟ್ಟಿ ಮ್ಯಾಲ ಕುಂತು, ಆ 20 ವಾರದ ಪಾಠದ ಬುಕ್ಕು ತೆಗೆದು ದೀಪ ಹಚ್ಚೋತನಕ ನೋಡಿದರು.