ಗಡಿಯಾಚೆಯ ತೀರ್ಮಾನಕ್ಕೆ ಯಾರು ಹೊಣೆ?

2016ರ ಜುಲೈ 6ರಂದು ಸರ್ ಜಾನ್ ಚಿಲ್ಕಾಟ್ ಇರಾಕ್ ಯುದ್ಧದ ತನಿಖಾ ವರದಿಯನ್ನು ಲಂಡನ್ನಿನಲ್ಲಿ ಬಿಡುಗಡೆ ಮಾಡಿದರು. ಹನ್ನೆರಡು ಸಂಪುಟ, ಸುಮಾರು 26 ಲಕ್ಷ ಪದ. ಅಷ್ಟರಲ್ಲಿ ಯುದ್ಧ ಶುರುವಾಗಿ ಹದಿಮೂರು ವರ್ಷ ಕಳೆದಿತ್ತು. ಸದ್ದಾಂ ಹುಸೇನನಿಂದ ತಕ್ಷಣದ ಅಪಾಯವೇನೂ ಇರಲಿಲ್ಲ, ಶಾಂತಿಯ ದಾರಿಗಳೆಲ್ಲ ಮುಗಿಯುವ ಮೊದಲೇ ಸೈನ್ಯ ನುಗ್ಗಿತು, ಗುಪ್ತಚರ ಮಾಹಿತಿಗೆ ಅದರಲ್ಲಿಲ್ಲದ ಖಚಿತತೆಯನ್ನು ಸೇರಿಸಿ ಜನರ ಮುಂದಿಡಲಾಯಿತು, ಯುದ್ಧದ ನಂತರದ ಯೋಜನೆ ತೀರಾ ಅರೆಬರೆಯಾಗಿತ್ತು ಎಂದು ವರದಿ ಬಿಡಿಸಿ ಹೇಳಿತು. ಅದೇ ದಿನ, ಯುದ್ಧಕ್ಕೆ ಸೈನ್ಯ ಕಳಿಸಿದ್ದ ಮಾಜಿ ಪ್ರಧಾನಿ ಟೋನಿ ಬ್ಲೇರ್ ಪತ್ರಕರ್ತರ ಮುಂದೆ ಬಂದರು. ದುಃಖ ತೋಡಿಕೊಂಡರು, ಪೂರ್ಣ ಹೊಣೆ ನನ್ನದು ಎಂದರು, ಮತ್ತೆ ಅದೇ ಸನ್ನಿವೇಶ ಎದುರಾದರೆ ಅದೇ ತೀರ್ಮಾನ ಮಾಡುತ್ತೇನೆ ಎಂದೂ ಹೇಳಿದರು. ಆಮೇಲೆ? ಆಮೇಲೆ ಏನೂ ಆಗಲಿಲ್ಲ.

ಈ ‘ಏನೂ ಆಗಲಿಲ್ಲ’ ಎಂಬುದರಿಂದ ಹುಟ್ಟುವ ಸಿಟ್ಟು ಬ್ರಿಟನ್ನಿನವರದಷ್ಟೇ ಅಲ್ಲ. ರಸ್ತೆ ಕಿತ್ತುಹೋದರೆ ಶಾಸಕನನ್ನು ನಿಲ್ಲಿಸಿ ಕೇಳಬಹುದು. ದೇಶದ ಹೆಸರಿನಲ್ಲಿ ಗಡಿಯಾಚೆ ನಡೆದದ್ದನ್ನು ಯಾರ ಬಳಿ ಕೇಳಬೇಕೆಂಬುದೇ ತಿಳಿಯುವುದಿಲ್ಲ. ಇದನ್ನು ನಾಯಕರ ಸ್ವಭಾವದ ದೋಷವೆಂದು ಬೈದು ಸುಮ್ಮನಾಗುವುದು ಸುಲಭ. ಆದರೆ ಈ ವಿನಾಯಿತಿಗೆ ಮುನ್ನೂರು ವರ್ಷಕ್ಕೂ ಹಳೆಯದಾದ ಒಂದು ತಾತ್ತ್ವಿಕ ಸಮರ್ಥನೆಯಿದೆ. ಅದನ್ನು ಕೊಟ್ಟವನು ನಿರಂಕುಶ ಪ್ರಭುತ್ವವನ್ನು ಎದುರಿಸಿ ಬರೆದ ತತ್ತ್ವಜ್ಞ ಜಾನ್ ಲಾಕ್.

1689ರಲ್ಲಿ ಹೊರಬಂದ ‘ಟೂ ಟ್ರೀಟೈಸಸ್ ಆಫ್ ಗವರ್ನ್‌ಮೆಂಟ್’ ಗ್ರಂಥದಲ್ಲಿ ಲಾಕ್ ಶಾಸನ ರಚಿಸುವ ಅಧಿಕಾರ ಮತ್ತು ಅದನ್ನು ಜಾರಿಗೊಳಿಸುವ ಅಧಿಕಾರಗಳ ಜೊತೆಗೆ ಮೂರನೆಯದೊಂದನ್ನು ಗುರುತಿಸುತ್ತಾನೆ: ಯುದ್ಧ, ಸಂಧಿ, ಮೈತ್ರಿಗಳ ಅಧಿಕಾರ. ಅವನು ಇಟ್ಟ ಹೆಸರು ‘ಫೆಡರೇಟಿವ್’. ಒಕ್ಕೂಟ ವ್ಯವಸ್ಥೆಗೂ ಅದಕ್ಕೂ ಸಂಬಂಧವಿಲ್ಲ. ಅವನ ವಾದ ಹೀಗಿದೆ. ಪ್ರಜೆಗಳೊಡನೆ ಹೇಗೆ ನಡೆದುಕೊಳ್ಳಬೇಕೆಂದು ಆಳುವವರಿಗೆ ಕಾನೂನು ಮೊದಲೇ ಹೇಳಬಲ್ಲದು. ಹೊರಗಿನವರು ನಮ್ಮ ಕಾನೂನಿಗೆ ಒಳಪಟ್ಟವರಲ್ಲ. ಅವರ ಉದ್ದೇಶ, ಹಿತಾಸಕ್ತಿಗಳು ಬದಲಾಗುತ್ತಿರುತ್ತವೆ, ನಮ್ಮ ನಡೆ ಅವರ ನಡೆಯನ್ನು ನೋಡಿಕೊಂಡು ಇರಬೇಕಾಗುತ್ತದೆ. ಹಾಗಾಗಿ ಈ ಕೆಲಸವನ್ನು ಬಹುಪಾಲು ಆಳುವವರ ವಿವೇಕಕ್ಕೇ ಬಿಡಬೇಕು.

ವಾದದಲ್ಲಿ ಹುರುಳಿದೆ. ಪ್ರತಿಯೊಂದು ಮಾತುಕತೆಯನ್ನೂ ಸಂಸತ್ತಿನಲ್ಲಿ ಕೂತು ನಡೆಸಲಾಗದು. ಆದರೆ ‘ಮುಂಚಿತವಾಗಿ ಕಾನೂನು ಕಟ್ಟಿಹಾಕಲಾರದು’ ಎಂಬ ಮಾತು ನಿಧಾನವಾಗಿ ‘ಆಮೇಲೂ ಯಾರೂ ಕೇಳಬಾರದು’ ಎಂದಾಗಿಬಿಟ್ಟಿತು. ಲಾಕ್ ಹಾಗೆ ಹೇಳಿರಲಿಲ್ಲ. ಅವನ ಪ್ರಕಾರ ಅಧಿಕಾರವೆಂಬುದು ಜನ ನಂಬಿ ಒಪ್ಪಿಸಿದ ಠೇವಣಿ, ನಂಬಿಕೆ ಉಳಿಯಿತೋ ಇಲ್ಲವೋ ಎಂದು ತೀರ್ಮಾನಿಸುವವರೂ ಜನರೇ. ಸರ್ಕಾರಗಳು ಅವನ ಅರ್ಧ ಮಾತನ್ನಷ್ಟೇ ನೆನಪಿಟ್ಟುಕೊಂಡವು.

ಬ್ರಿಟನ್ನಿನಲ್ಲಿ ಈ ಅರ್ಧಕ್ಕೆ ರಾಜವಿಶೇಷಾಧಿಕಾರವೆಂಬ ರೂಪವಿದೆ: ಯುದ್ಧಕ್ಕೆ ಹೋಗಲು ಪ್ರಧಾನಿಗೆ ಸಂಸತ್ತಿನ ಅಪ್ಪಣೆ ಕಾನೂನಿನ ಪ್ರಕಾರ ಬೇಕಿಲ್ಲ. ಆದರೂ ಬ್ಲೇರ್ ಕೇಳಿದರು. 2003ರ ಮಾರ್ಚ್ 18ರಂದು ಕಾಮನ್ಸ್ ಸಭೆ 412–149 ಮತಗಳಿಂದ ಒಪ್ಪಿಗೆ ಕೊಟ್ಟಿತು. ಆದರೆ ಏನೇ ಆಗಲಿ ನಿಮ್ಮ ಜೊತೆಗಿರುತ್ತೇನೆಂದು ಅಮೆರಿಕದ ಅಧ್ಯಕ್ಷ ಬುಷ್ ಅವರಿಗೆ ಬ್ಲೇರ್ ಬರೆದದ್ದು 2002ರ ಜುಲೈನಲ್ಲಿ. ಮತದಾನದ ಹೊತ್ತಿಗೆ ಸೈನ್ಯ ಕುವೈತಿನಲ್ಲಿ ಸಜ್ಜಾಗಿ ನಿಂತಿತ್ತು. ಅಟಾರ್ನಿ ಜನರಲ್ ಗೋಲ್ಡ್‌ಸ್ಮಿತ್ ಮಾರ್ಚ್ 7ರಂದು ಬರೆದ, ಯುದ್ಧ ಕಾನೂನುಬದ್ಧವೇ ಎಂಬ ಬಗ್ಗೆ ಅನುಮಾನಗಳಿಂದ ಕೂಡಿದ ದೀರ್ಘ ಅಭಿಪ್ರಾಯವನ್ನು ಮಂತ್ರಿ ಸಂಪುಟದ ಮುಂದೆ ಇಟ್ಟಿರಲಿಲ್ಲ. ಮಂತ್ರಿಗಳು ಕಂಡದ್ದು ಅನುಮಾನವೇ ಇಲ್ಲದ ಚಿಕ್ಕ ಉತ್ತರವನ್ನು. ಕೇಳಿದ್ದೇನೋ ನಿಜ, ಕೇಳುವಷ್ಟರಲ್ಲಿ ಬೇರೆ ಉತ್ತರ ಹೇಳಲು ಜಾಗ ಉಳಿದಿರಲಿಲ್ಲ. ಒಪ್ಪದ ಮಂತ್ರಿ ರಾಬಿನ್ ಕುಕ್ ಮತದಾನದ ಹಿಂದಿನ ದಿನವೇ ಸಂಪುಟ ಬಿಟ್ಟು ಹೊರಬಂದಿದ್ದರು.

ಇಲ್ಲಿಂದ ತೊಡಕು ಇನ್ನಷ್ಟು ಬಿಗಿಯಾಗುತ್ತದೆ. ಮಾಹಿತಿಯನ್ನಷ್ಟೇ ಕೊಟ್ಟೆವು ಎಂದು ಗುಪ್ತಚರರು, ಕಾನೂನನ್ನಷ್ಟೇ ಹೇಳಿದೆ ಎಂದು ವಕೀಲ, ಮಾಹಿತಿ ನಂಬಿ ಕೈಯೆತ್ತಿದೆವು ಎಂದು ಸದಸ್ಯರು, ಇವರೆಲ್ಲರ ಮಾತು ಕೇಳಿ ನಡೆದೆ ಎಂದು ಪ್ರಧಾನಿ. ಎಲ್ಲರೂ ಪಾಲುದಾರರು, ಹೊಣೆ ಮಾತ್ರ ಯಾರ ಕೈಗೂ ಸಿಗದು. ಅಮೆರಿಕದ ಚಿಂತಕ ಡೆನಿಸ್ ಥಾಂಪ್ಸನ್ 1980ರಲ್ಲಿ ಇದನ್ನು ‘ಹಲವು ಕೈಗಳ ಸಮಸ್ಯೆ’ ಎಂದು ಕರೆದರು. ಕೈಗಳು ಹೆಚ್ಚಾದ ಮಾತ್ರಕ್ಕೆ ಹೊಣೆ ಹಂಚಿ ಸಣ್ಣದಾಗುವುದಿಲ್ಲ ಎಂಬುದು ಅವರ ನಿಲುವು: ಈ ವ್ಯಕ್ತಿಗೆ ಏನು ಗೊತ್ತಿತ್ತು, ಬೇರೆ ರೀತಿ ನಡೆಯಲು ಅವಕಾಶವಿತ್ತೇ ಎಂದು ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೇಳಬೇಕು. ಆಗ ‘ಪ್ರಾಮಾಣಿಕವಾಗಿ ನಂಬಿದ್ದೆ’ ಎಂಬ ಉತ್ತರ ಸಾಲದು. ಮುಂಗಾಣಬಹುದಾಗಿದ್ದ ಪರಿಣಾಮಕ್ಕೆ ರಾಜಕಾರಣಿ ಹೊಣೆ ಹೊರಬೇಕೆಂದು 1919ರಲ್ಲೇ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಮ್ಯೂನಿಕ್‌ನಲ್ಲಿ ವಿದ್ಯಾರ್ಥಿಗಳಿಗೆ ಹೇಳಿದ್ದ. ಬ್ಲೇರ್ ಸುಳ್ಳು ಹೇಳಿದರೇ ಎಂಬ ಒಂದೇ ಪ್ರಶ್ನೆಯ ಸುತ್ತ ಬ್ರಿಟನ್ ವರ್ಷಗಟ್ಟಲೆ ಗಿರಕಿ ಹೊಡೆದದ್ದು ಅವರಿಗೆ ಅನುಕೂಲವೇ ಆಯಿತು ಎಂದು ನನ್ನ ಅನಿಸಿಕೆ.

ಚುನಾವಣೆ ಇದೆಯಲ್ಲ ಎನ್ನಬಹುದು. 2005ರಲ್ಲಿ ಲೇಬರ್ ಪಕ್ಷ ಬಹುಮತ ಕುಗ್ಗಿದರೂ ಗೆದ್ದಿತು. ಆಸ್ಪತ್ರೆ, ತೆರಿಗೆ, ಯುದ್ಧ ಎಲ್ಲಕ್ಕೂ ಸೇರಿಸಿ ಮತದಾರನ ಕೈಯಲ್ಲಿರುವುದು ಒಂದೇ ಮತ.

ನಮ್ಮಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು. 1962ರ ಚೀನಾ ಯುದ್ಧದಲ್ಲಿ ಹಿನ್ನಡೆಯಾದಾಗ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಪದವಿ ಕಳೆದುಕೊಂಡರು. ಸೋಲಿನ ಕಾರಣ ಶೋಧಿಸಿದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಮಾತ್ರ ಒಂದಾದ ಮೇಲೊಂದು ಸರ್ಕಾರಗಳು, ಪಕ್ಷಭೇದವಿಲ್ಲದೆ, ಗುಪ್ತವಾಗಿಯೇ ಇಟ್ಟವು. ಅಲ್ಲಿ ವಿವರಣೆ ಸಿಕ್ಕಿತು, ಶಿಕ್ಷೆಯಾಗಲಿಲ್ಲ. ಇಲ್ಲಿ ತಲೆದಂಡವಾಯಿತು, ವಿವರಣೆ ಸಿಗಲಿಲ್ಲ. ಎರಡೂ ಒಟ್ಟಿಗಿದ್ದರೆ ಮಾತ್ರ ಅದು ಉತ್ತರದಾಯಿತ್ವ.

ಇಷ್ಟಾದರೂ ಲಾಕ್‌ನ ಲೆಕ್ಕಕ್ಕೆ ಸಿಗದವರಿದ್ದಾರೆ. ಅವನ ಠೇವಣಿ ಇರುವುದು ಆಳುವವರ ಮತ್ತು ಅವರದೇ ಪ್ರಜೆಗಳ ನಡುವೆ. ಇರಾಕಿನಲ್ಲಿ ಮಡಿದ 179 ಬ್ರಿಟಿಷ್ ಯೋಧರ ಮನೆಯವರು ತಮ್ಮ ದೇಶದ ಸರ್ಕಾರವನ್ನು ಪ್ರಶ್ನಿಸಬಹುದಿತ್ತು. 2009ರ ಜುಲೈ ಹೊತ್ತಿಗೆ ಕನಿಷ್ಠ ಒಂದೂವರೆ ಲಕ್ಷ ಇರಾಕಿಗಳು ಸತ್ತಿದ್ದರು ಎಂದು ಚಿಲ್ಕಾಟ್ ಹೇಳಿದರು. ಅವರಲ್ಲಿ ಹೆಚ್ಚಿನವರು ಸಾಮಾನ್ಯ ನಾಗರಿಕರು, ಬ್ರಿಟನ್ನಿನ ಪ್ರಜೆಗಳಲ್ಲ. ತೀರ್ಮಾನದ ಪೆಟ್ಟು ತಿನ್ನುವವರಿಗೆ ಅದರಲ್ಲಿ ಮಾತಿರಬೇಕೆಂದು ವಾದಿಸುವ ತತ್ತ್ವಜ್ಞರು ಇಂದು ಇದ್ದಾರೆ, ಅದಕ್ಕೆ ತಕ್ಕ ಸಂಸ್ಥೆಗಳು ಮಾತ್ರ ಇನ್ನೂ ಹುಟ್ಟಿಲ್ಲ. ಇರಾಕಿ ಸೇನೆಯ ಮಾಜಿ ಮುಖ್ಯಸ್ಥರೊಬ್ಬರು ಬ್ಲೇರ್ ವಿರುದ್ಧ ಖಾಸಗಿ ಮೊಕದ್ದಮೆ ಹೂಡಲು ಲಂಡನ್ನಿನ ಹೈಕೋರ್ಟಿಗೆ ಹೋದರು. ಆಕ್ರಮಣ ಯುದ್ಧವೆಂಬ ಅಪರಾಧ ಇಂಗ್ಲೆಂಡಿನ ದೇಶೀಯ ಕಾನೂನಿನಲ್ಲಿ ಇಲ್ಲವೆಂದು ನ್ಯಾಯಾಲಯ 2017ರ ಜುಲೈ 31ರಂದು ಅರ್ಜಿಯನ್ನು ತಳ್ಳಿಹಾಕಿತು.