ವರ್ಕಲದ ಜನಾರ್ದನನೂ ಪಿತೃಋಣವೂ



ಪ್ರತಿದಿನ ಸಂಧ್ಯಾವಂದನೆಗೆ ಕುಳಿತಾಗ ಆಚಮನ ಮಾಡಿ ಕೇಶವಾದಿ 24 ನಾಮಗಳನ್ನು ಉಚ್ಚರಿಸುತ್ತೇವೆ. ಅವುಗಳಲ್ಲಿ 21ನೆಯದು ಜನಾರ್ದನ ನಾಮ. ನಾಲಗೆಗೆ ಅಭ್ಯಾಸವಾಗಿರುವುದರಿಂದ ಮನಸ್ಸು ಅಲ್ಲಿ ಕ್ಷಣಮಾತ್ರವೂ ನಿಲ್ಲದೆ ಮುಂದೆ ಸಾಗುತ್ತದೆ. ಆ ನಾಮದ ಸ್ವಾಮಿಯು ತಾನೇ ಆಚಮನಕ್ಕೆ ತೊಡಗಿದಂತೆ ಬಲಗೈಯನ್ನೆತ್ತಿ ನಿಂತಿರುವ ಕ್ಷೇತ್ರವೊಂದು ಕೇರಳದ ಕಡಲತೀರದಲ್ಲಿದೆ. ಅದೇ ವರ್ಕಲ. ಒಂದು ಪುಷ್ಯ ಬಹುಳ ಅಮಾವಾಸ್ಯೆಯಂದು ಆ ಸನ್ನಿಧಿಯನ್ನು ಕಾಣುವ ಭಾಗ್ಯ ನಮಗೆ ಒದಗಿತು. ಭಾಗ್ಯವೆಂದು ಬರೆಯುವಾಗ ಸಂಕೋಚವೂ ಆಗುತ್ತದೆ. ಅದರ ಕಾರಣವನ್ನು ನಿವೇದಿಸುವುದೇ ಈ ಲೇಖನದ ಉದ್ದೇಶ.

ನಮ್ಮ ತೀರ್ಥರೂಪರು ಉಡುಪಿ ಸೀಮೆಯ ಒಂದು ಗ್ರಾಮದೇವಾಲಯದಲ್ಲಿ 40 ವರ್ಷಗಳಿಗೂ ಮೇಲ್ಪಟ್ಟು ಅರ್ಚಕರಾಗಿದ್ದವರು. ದೇವರಿಗೆ ನೈವೇದ್ಯವಿಲ್ಲದ ದಿನವಿಲ್ಲ. ಆದುದರಿಂದ ಅರ್ಚಕನಿಗೆ ಬಿಡುವಿನ ದಿನವೂ ಇಲ್ಲ. ಅವರ ಚಿಕ್ಕಪ್ಪನವರೊಬ್ಬರು ಹಿಂದೆ ಕೇರಳದ ದೇವಾಲಯವೊಂದಕ್ಕೆ ಪೂಜೆಗೆಂದು ಹೋಗಿ ನೆಲೆಸಿದ್ದರು. ತುಳುನಾಡಿನಿಂದ ಹಾಗೆ ಹೋದವರನ್ನು ಅಲ್ಲಿ ಪೋತ್ತಿಗಳೆಂದು ಕರೆಯುವರು. ಅವರು ಊರಿಗೆ ಬಂದಾಗಲೆಲ್ಲ ವರ್ಕಲದ ದೇವರ ವಿಚಾರ ಹೇಳುತ್ತಿದ್ದರಂತೆ. ದೇವರ ಬಲಗೈ ಬಾಯಿಯ ಕಡೆಗೆ ಎತ್ತಿದೆ. ಅದು ಬಾಯಿಯನ್ನು ಮುಟ್ಟಿದ ದಿನವೇ ಪ್ರಳಯ ಎಂದು ಅಲ್ಲಿಯ ಜನರ ನಂಬಿಕೆ. ಬಾಲ್ಯದಲ್ಲಿ ಕೇಳಿದ ಆ ಮಾತು ತೀರ್ಥರೂಪರ ಮನಸ್ಸಿನಲ್ಲಿ ಬೇರೂರಿತ್ತು.

ಒಮ್ಮೆ ಅವರು ನಮ್ಮನ್ನು ಕರೆದು, "ನಾಲ್ಕು ದಿನ ಪೂಜೆ ನೋಡಿಕೊಂಡರೆ ನಾನೂ ನಿನ್ನಮ್ಮನೂ ವರ್ಕಲಕ್ಕೆ ಹೋಗಿ ಬರುತ್ತೇವೆ" ಎಂದರು. ಪಾಠಶಾಲೆಯಲ್ಲಿ ಮಂತ್ರ, ತಂತ್ರಸಾರದ ಕ್ರಮ ಎಲ್ಲವನ್ನೂ ಕಲಿತಿದ್ದ ನಮಗೆ ಅದು ಅಸಾಧ್ಯವೇನೂ ಆಗಿರಲಿಲ್ಲ. ಆದರೆ ಬಿ.ಎ. ಪರೀಕ್ಷೆ ಮುಗಿಯಲಿ ಎಂದೆವು. ಮರುವರ್ಷ ಕೇಳಿದಾಗ ನೌಕರಿ ಖಾಯಂ ಆಗಲಿ ಎಂದೆವು. ಮೂರನೆಯ ಸಲ ಅವರು ಕೇಳಲಿಲ್ಲ. ಕೇರಳಕ್ಕೆ ಹೋಗಿ ಬಂದವರು ಯಾರೇ ಸಿಕ್ಕಿದರೂ, "ವರ್ಕಲಕ್ಕೆ ಹೋಗಿದ್ದಿರಾ? ಆ ಕೈ ಈಗ ಎಷ್ಟು ಎತ್ತರದಲ್ಲಿದೆ?" ಎಂದು ವಿಚಾರಿಸುತ್ತಿದ್ದರು, ಅಷ್ಟೆ. ಹಾಗೆ ವಿಚಾರಿಸುತ್ತಲೇ ಒಂದು ದಿನ ಹರಿಪಾದವನ್ನು ಸೇರಿದರು.

ಅಬ್ದಿಕ ಮುಗಿಯುವವರೆಗೆ ತೀರ್ಥಯಾತ್ರೆ ಸಲ್ಲದು. ಅದು ಮುಗಿದ ಮೇಲೆ ಮಾತೃಶ್ರೀಯವರನ್ನೂ ತಮ್ಮನನ್ನೂ ಕರೆದುಕೊಂಡು ಮಂಗಳೂರಿನಿಂದ ತಿರುವನಂತಪುರಕ್ಕೆ ಹೋಗುವ ರಾತ್ರಿಯ ರೈಲನ್ನು ಹತ್ತಿದೆವು. ಬೆಳಗಿನಲ್ಲಿ ಕೊಲ್ಲಂ ದಾಟಿ ಸ್ವಲ್ಪ ಹೊತ್ತಿಗೆ ವರ್ಕಲ ಬಂದಿತು. ನಿಲ್ದಾಣದ ಹೆಸರು ವರ್ಕಲ ಶಿವಗಿರಿ. ಶ್ರೀ ನಾರಾಯಣ ಗುರುಗಳು 1904ರಲ್ಲಿ ಬಂದು ನೆಲೆಸಿ, 1928ರಲ್ಲಿ ಸಮಾಧಿ ಹೊಂದಿದ ಶಿವಗಿರಿ ಇದೇ ಊರಿನಲ್ಲಿದೆ. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದ ಅವರ ಹೆಸರು ನಮ್ಮ ಕರಾವಳಿಯವರಿಗೆ ಅಪರಿಚಿತವಲ್ಲ.

ಕೇರಳದ ಕರಾವಳಿ ಬಹುಮಟ್ಟಿಗೆ ತಗ್ಗು ನೆಲ. ವರ್ಕಲದಲ್ಲಾದರೋ ಕೆಂಪು ಬಂಡೆಯ ಗೋಡೆಯೊಂದು ಕಡಲಿನ ಅಂಚಿನಲ್ಲಿಯೇ ಎದ್ದು ನಿಂತಿದೆ. ಮೇಲೆ ಮುರಕಲ್ಲು, ಅದರ ಕೆಳಗೆ ಮರಳುಗಲ್ಲು, ಜೇಡಿಮಣ್ಣಿನ ಪದರಗಳು. ಭೂವಿಜ್ಞಾನಿಗಳು ಈ ಪದರಗಳ ಶ್ರೇಣಿಗೆ ಊರಿನ ಹೆಸರನ್ನೇ ಇಟ್ಟಿದ್ದಾರೆ. 2025ರಲ್ಲಿ ಯುನೆಸ್ಕೊದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಭಾರತದಿಂದ ಸೇರಿದ ಪ್ರಕೃತಿ ತಾಣಗಳಲ್ಲಿ ಈ ಬಂಡೆಯೂ ಇದೆ, ನಮ್ಮ ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳೂ ಇವೆ. ಬಂಡೆಯ ನೆತ್ತಿಯ ಮೇಲೆ ವಸತಿಗೃಹಗಳು, ಉಪಾಹಾರ ಮಂದಿರಗಳು. ದೇಶವಿದೇಶದ ಪ್ರವಾಸಿಗಳ ಸಂದಣಿ. ಕೆಳಗೆ ಪಾಪನಾಶವೆಂಬ ತೀರ. ಬಂಡೆಯ ಮೈಯಿಂದ ಅಲ್ಲಲ್ಲಿ ಸಿಹಿನೀರಿನ ಒರತೆಗಳು ಹೊರಡುತ್ತವೆ. ಮಳೆಯ ನೀರು ಮುರಕಲ್ಲಿನಲ್ಲಿ ಇಂಗಿ, ಜೇಡಿಮಣ್ಣನ್ನು ಭೇದಿಸಲಾರದೆ, ಪಕ್ಕಕ್ಕೆ ಹರಿದು ಹೀಗೆ ಹೊರಬರುತ್ತದೆ. ಮೇಲೆ ಮಳೆ ನಿಂತು ತಿಂಗಳುಗಳಾಗಿದ್ದರೂ ಕೆಳಗೆ ನಿಂತವನ ಬೊಗಸೆ ತುಂಬುತ್ತದೆ. ಪೂರ್ವಜರ ತಪಸ್ಸು ನಮ್ಮ ಪಾಲಿಗೆ ಬರುವುದೂ ಹೀಗೆಯೇ ಅಲ್ಲವೇ?

ತೀರದಿಂದ ಸ್ವಲ್ಪ ದೂರದಲ್ಲಿ ದಿಣ್ಣೆಯ ಮೇಲೆ ಜನಾರ್ದನನ ಪುರಾತನ ದೇವಾಲಯ. ನಾರದರು ಎಸೆದ ವಲ್ಕಲ ಬಿದ್ದ ಸ್ಥಳವಾದುದರಿಂದ ವರ್ಕಲವೆಂಬ ಹೆಸರು ಬಂದಿತೆಂದೂ, ತಮ್ಮ ತಪ್ಪಿಗೆ ಪ್ರಾಯಶ್ಚಿತ್ತವನ್ನು ಬೇಡಿದ ಪ್ರಜಾಪತಿಗಳಿಗೆ ನಾರದರು ಈ ತೀರವನ್ನೇ ತೋರಿಸಿದರೆಂದೂ ಸ್ಥಳಪುರಾಣ. ಮೀನಮಾಸದಲ್ಲಿ ಹತ್ತು ದಿನಗಳ ಉತ್ಸವ ನಡೆದು ಆರಾಟ್ಟು ಎಂಬ ಅವಭೃಥದೊಡನೆ ಮುಗಿಯುತ್ತದೆ. ಕರ್ಕಾಟಕ ಮಾಸದ ಅಮಾವಾಸ್ಯೆಯಂದು, ಎಂದರೆ ನಮ್ಮಲ್ಲಿ ಪಾಲೆಮರದ ಕಷಾಯ ಕುಡಿಯುವ ಆಟಿ ಅಮಾವಾಸ್ಯೆಯಂದು, ಪಿತೃಗಳಿಗೆ ಬಲಿಯಿಡಲು ಪಾಪನಾಶಕ್ಕೆ ಸಾವಿರಾರು ಜನ ಬರುವರು.

ಸಮುದ್ರಸ್ನಾನಕ್ಕೆ ಪರ್ವಕಾಲವೇ ಆಗಬೇಕಷ್ಟೆ. ಅಮಾವಾಸ್ಯೆಯ ಬೆಳಿಗ್ಗೆ ಸ್ನಾನ ಮುಗಿಸಿ, ಪವಿತ್ರ ಧರಿಸಿ, ಎಳ್ಳು ದರ್ಭೆಗಳೊಡನೆ ತರ್ಪಣಕ್ಕೆ ಕುಳಿತೆವು. ಕೂಗಳತೆಯಲ್ಲಿ ವಿಹಾರಕ್ಕೆ ಬಂದವರು ಅಲೆಗಳಲ್ಲಿ ಆಡುತ್ತಿದ್ದರು. ನಗು, ಕೇಕೆ, ಕ್ಯಾಮರಾ. ನಮ್ಮ ಮನಸ್ಸು ಕಹಿಯಾಯಿತು. ಇದೆಂತಹ ಕ್ಷೇತ್ರ, ಇದೆಂತಹ ಮರ್ಯಾದೆ ಎಂದು ಗೊಣಗಿದೆವು. ಹಿಂದೆ ನಿಂತಿದ್ದ ಮಾತೃಶ್ರೀಯವರು ಮೆಲ್ಲನೆ, "ಮಗಾ, ಅವರು ಅವರಷ್ಟಕ್ಕೆ ಇದ್ದಾರೆ. ಅಪ್ಪನ ಹೆಸರು ಹೇಳುವ ಹೊತ್ತಿಗೆ ನೀನು ಎಲ್ಲಿದ್ದಿ?" ಎಂದರು. ಉತ್ತರ ಹೊಳೆಯಲಿಲ್ಲ. ಅಪ್ಪ ಕೇಳಿದಾಗಲೂ ನಾವು ಬೇರೆಲ್ಲಿಯೋ ಇದ್ದವರೇ.

ಅಪಸವ್ಯ ಮಾಡಿಕೊಂಡು ಹೆಬ್ಬೆರಳು ತೋರುಬೆರಳುಗಳ ನಡುವಿನ ಪಿತೃತೀರ್ಥದಿಂದ ನೀರು ಬಿಟ್ಟೆವು. ನಮ್ಮ ಸಂಪ್ರದಾಯದಲ್ಲಿ ತರ್ಪಣಕ್ಕೆ ಅನುಸಂಧಾನವೇ ಪ್ರಾಣ. ವಸುರೂಪನಾದ ತಂದೆಯಲ್ಲಿ ಪ್ರದ್ಯುಮ್ನ, ರುದ್ರರೂಪನಾದ ಪಿತಾಮಹನಲ್ಲಿ ಸಂಕರ್ಷಣ, ಆದಿತ್ಯರೂಪನಾದ ಪ್ರಪಿತಾಮಹನಲ್ಲಿ ವಾಸುದೇವ. ಪಿತೃಗಳೊಳಗಿದ್ದು ನಾವು ಕೊಟ್ಟುದನ್ನು ಸ್ವೀಕರಿಸಿ, ಅವರು ಎಲ್ಲಿಯೇ ಇರಲಿ, ಅವರಿಗೆ ತಲುಪಿಸುವವನು ಜನಾರ್ದನನೇ. ಅವನಿಗೆ ಜನನವಿಲ್ಲ, ನಮ್ಮ ಸಂಸಾರಬಂಧವನ್ನು ಅರ್ದಿಸಿ ನಾಶಮಾಡುವವನೂ ಅವನೇ. ಆದುದರಿಂದಲೇ ಜನಾರ್ದನನೆಂದು ಹಿರಿಯರು ಅರ್ಥ ಹೇಳುವರು. ಅವನ ಸನ್ನಿಧಿಯ ಬಳಿಯ ಕಡಲಿನಲ್ಲಿ ಪಿತೃಕಾರ್ಯಕ್ಕೆ ಜನ ಸೇರುವುದು ಆಕಸ್ಮಿಕವಲ್ಲವೆಂದು ನಮಗೆ ತೋರಿತು.

ಅನಂತರ ಅಂಗವಸ್ತ್ರವನ್ನು ಸೊಂಟಕ್ಕೆ ಬಿಗಿದು ಸನ್ನಿಧಿಗೆ ಹೋದೆವು. ದೀಪದ ಬೆಳಕಿನಲ್ಲಿ ಸ್ವಾಮಿಯ ಬಲಗೈ ಕಂಡಿತು. ಎಷ್ಟು ಎತ್ತರದಲ್ಲಿದೆಯೆಂದು ಕಣ್ತುಂಬ ನೋಡಿದೆವು. ಊರಿಗೆ ಮರಳಿದ ಮೇಲೆ ಅದನ್ನು ಕೇಳುವವರು ಜಗಲಿಯಲ್ಲಿ ಕುಳಿತಿರುವುದಿಲ್ಲವೆಂಬುದು ಆಗ ನೆನಪಾಯಿತು.

ಇಲ್ಲಿ ಒಂದು ಪ್ರಶ್ನೆ. ಪಾಪನಾಶದ ನೀರು ಈ ಪಾಪವನ್ನು ತೊಳೆದೀತೇ? ತೀರ್ಥಕ್ಕೆ ಪಾವನತ್ವ ಬರುವುದು ನೀರಿನಿಂದಲ್ಲ. ಅದರಲ್ಲಿರುವ ಶ್ರೀಹರಿಯ ವಿಶೇಷ ಸನ್ನಿಧಾನದಿಂದ. ಆ ಹರಿಯನ್ನು ಸ್ಮರಿಸಿ, ಮಾಡಿದುದಕ್ಕೆ ಪಶ್ಚಾತ್ತಾಪಪಟ್ಟು, ಮತ್ತೆ ಮಾಡೆನೆಂದು ನಿಶ್ಚಯಿಸಿ ಮುಳುಗಿದವನಿಗೆ ಅದು ತೀರ್ಥ. ಮುಂದೆಯೂ ಹಾಗೆಯೇ ನಡೆದು ಮತ್ತೆ ಬಂದು ತೊಳೆದುಕೊಳ್ಳುತ್ತೇನೆ ಎಂಬವನಿಗೆ ಅದು ಉಪ್ಪುನೀರು. ತರ್ಪಣದಿಂದ ಪಿತೃಗಳಿಗೆ ತೃಪ್ತಿಯಾಗುವುದರಲ್ಲಿ ಸಂದೇಹವಿಲ್ಲ. ಆದರೆ ಬದುಕಿದ್ದಾಗ ಬೇಡಿದ ನಾಲ್ಕು ದಿನಗಳಿಗೆ ಎಳ್ಳುನೀರು ಬದಲಾಗದು. ಅದು ಬೇರೆ ಲೆಕ್ಕ.

ತಂದೆಗೆ ಪತ್ರ ಬರೆಯುವಾಗ ತೀರ್ಥರೂಪರೆಂದು ಸಂಬೋಧಿಸುವುದು ನಮ್ಮ ಪದ್ಧತಿ. ಕಾಗದದ ತಲೆಯಲ್ಲಿ ಎಷ್ಟೋ ಸಲ ಆ ಶಬ್ದವನ್ನು ಬರೆದಿದ್ದೇವೆ. ತೀರ್ಥವೇ ಮನೆಯಲ್ಲಿ ರೂಪವೆತ್ತಿ ಕುಳಿತಿದೆಯೆಂದು ಒಮ್ಮೆಯೂ ತಿಳಿಯಲಿಲ್ಲ. ರಾತ್ರಿಯಿಡೀ ರೈಲಿನಲ್ಲಿ ಕುಳಿತು ವರ್ಕಲಕ್ಕೆ ಹೋಗಿ ತಿಳಿದುದು ಇಷ್ಟೇ. ಅಮಾವಾಸ್ಯೆಯ ಸ್ನಾನಕ್ಕೆ ತೀರ್ಥರೂಪರು ಮಲ್ಪೆಯ ವಡಭಾಂಡೇಶ್ವರಕ್ಕೆ ಹೋಗುತ್ತಿದ್ದರು. ಶ್ರೀಮದಾಚಾರ್ಯರಿಗೆ ಶ್ರೀಕೃಷ್ಣನು ಒಲಿದು ಬಂದ ಆ ಕಡಲೂ ವರ್ಕಲದ ಈ ಕಡಲೂ ಒಂದೇ.

ಬದುಕಿರುವ ತಾಯಿಗೆ ತರ್ಪಣವಿಲ್ಲ. ತರ್ಪಣದ ಮಂತ್ರಗಳಲ್ಲಿ ಅವಳ ಹೆಸರು ಬರುವುದಿಲ್ಲ. ಅವಳಿಗೆ ಕೊಡಬೇಕಾದುದನ್ನು ಕೈಯಾರೆ, ಇಂದೇ ಕೊಡಬೇಕು. ಮರಳುವ ಟಿಕೇಟು ಮರುದಿನಕ್ಕಿತ್ತು. "ಇಷ್ಟು ದೂರ ಬಂದು ಅನಂತಪದ್ಮನಾಭನನ್ನು ನೋಡದೆ ಹೋಗುವುದೇ?" ಎಂದು ಮಾತೃಶ್ರೀಯವರು ಕೇಳಿದರು. ದಕ್ಷಿಣ ಯಾತ್ರೆಯಲ್ಲಿ ಶ್ರೀಮದಾಚಾರ್ಯರು ಸಂದರ್ಶಿಸಿದ ಅನಂತಶಯನ ಅದೇ. ರಜೆ ಮುಗಿಯುತ್ತದೆ, ಮುಂದಿನ ವರ್ಷ ನೋಡೋಣವೆಂಬ ಮಾತು ಬಾಯಿಗೆ ಬಂದಿತ್ತು, ನುಂಗಿದೆವು. ತಮ್ಮನು ಟಿಕೇಟನ್ನು ರದ್ದುಮಾಡಿಸಿದನು. ಮರುದಿನ ಬೆಳಿಗ್ಗೆ ಮೂವರೂ ತಿರುವನಂತಪುರದ ರೈಲಿನಲ್ಲಿದ್ದೆವು.

ಆದುದರಿಂದ ಓದುಗರಲ್ಲಿ ವಿಜ್ಞಾಪನೆ. ಮಂತ್ರ ಬಲ್ಲ ತರುಣರು ವರ್ಷದಲ್ಲಿ ನಾಲ್ಕು ದಿನ ಊರಿನ ವೃದ್ಧ ಅರ್ಚಕರ ಕೈಯಿಂದ ಹರಿವಾಣವನ್ನು ತಾವು ತೆಗೆದುಕೊಳ್ಳಲಿ. ಅವರೂ ಒಂದು ಕ್ಷೇತ್ರವನ್ನು ಕಂಡು ಬರಲಿ. ಮನೆಯ ಹಿರಿಯರು ಎರಡನೆಯ ಸಲ ಏನನ್ನಾದರೂ ಕೇಳಿದ್ದರೆ ಮೂರನೆಯ ಸಲಕ್ಕೆ ಕಾಯದಿರಿ. ನಾಳೆಯ ಆಚಮನದಲ್ಲಿ 21ನೆಯ ನಾಮಕ್ಕೆ ಬಂದಾಗ ಒಂದು ಕ್ಷಣ ನಿಲ್ಲಿ. ಎತ್ತಿದ ಆ ಕೈ ಇನ್ನೂ ಬಾಯಿಯನ್ನು ಮುಟ್ಟಿಲ್ಲ. ನಮಗೆ ಇನ್ನೂ ಕಾಲವಿದೆ.

ಶ್ರೀಕೃಷ್ಣಾರ್ಪಣಮಸ್ತು